ಗೋಧಿ ಒಗ್ಗದ ಜೈನ ಪ್ರಯಾಣಿಕರಿಗೆ ವಿದೇಶದಲ್ಲಿ ಊಟ: ಮೈಸೂರಿನಿಂದ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಕ್ಕಳ ಮನೆಗೆಂದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೋಗಿಬರುವ ಹಿರಿಯರು, ಓದಲೆಂದು ಹೊರಡುವ ವಿದ್ಯಾರ್ಥಿಗಳು, ಕಂಪನಿಯ ಕೆಲಸದ ಮೇಲೆ ಹೋಗುವವರು ಮೈಸೂರಿನ ಜೈನ ಕುಟುಂಬಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲಗಳಿಲ್ಲದ ಊಟವನ್ನು ಹೊರದೇಶದಲ್ಲಿ ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು ನಮ್ಮ ಸಮಾಜ ತಕ್ಕಮಟ್ಟಿಗೆ ಕಲಿತಿದೆ. ಖಾಖರಾ, ಥೇಪ್ಲಾ, ಚಪಾತಿ ಕಟ್ಟಿಕೊಂಡು ಹೋದರೆ ವಾರ ಕಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ ದಿನದಿಂದ ಈ ಉಪಾಯ ಕೈಕೊಡುತ್ತದೆ. ಖಾಖರಾ, ಥೇಪ್ಲಾ, ಚಪಾತಿ ಮೂರೂ ಗೋಧಿಯವು.

ಗ್ಲುಟನ್ ಇಲ್ಲದ ತಿಂಡಿ ಕೇಳಿದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಜೈನ ಊಟ ಕೇಳಿದರೆ ಚಪಾತಿ ಬರುತ್ತದೆ. ಈ ಎರಡರ ನಡುವೆ ಸಿಕ್ಕಿ ಹಸಿದೇ ಇರುವವರೂ ಉಂಟು, ಸಂಕೋಚಪಟ್ಟು ಒಗ್ಗದ್ದನ್ನು ತಿಂದು ಕಾಯಿಲೆ ಬೀಳುವವರೂ ಉಂಟು. ಇವೆರಡನ್ನೂ ತಪ್ಪಿಸಲು ಬೇಕಾದ ಮುಖ್ಯ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಗ್ಲುಟನ್ ಎಂದರೇನು? ಸೀಲಿಯಾಕ್ ಎಂದರೇನು?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನಿಗೆ ಗ್ಲುಟನ್ ಎಂದು ಹೆಸರು. ಚಪಾತಿ ಹಿಟ್ಟು ನಾದಿದಾಗ ಅಂಟಿಕೊಂಡು ಎಳೆಯಾಗಿ ಬರುವುದು ಇದರಿಂದಲೇ. ಸೀಲಿಯಾಕ್ ಕಾಯಿಲೆ ಇರುವವರು ಇದನ್ನು ತಿಂದಾಗ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ದಾಳಿ ಮಾಡುತ್ತದೆ. ಆಹಾರದ ಸಾರವನ್ನು ಹೀರಿಕೊಳ್ಳುವ ಕರುಳಿನ ಒಳಪದರ ಸವೆಯುತ್ತದೆ. ಭೇದಿ, ಹೊಟ್ಟೆ ಉಬ್ಬರ, ರಕ್ತಹೀನತೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಮೂಳೆ ಸವೆತ ಇದರ ಲಕ್ಷಣಗಳು. ಕೆಲವರಲ್ಲಿ ಹೊಟ್ಟೆಯ ತೊಂದರೆಯೇ ಕಾಣದೆ ಬರೀ ರಕ್ತಹೀನತೆ ಕಾಣಿಸಬಹುದು.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡಿಗೆ ಬರ ಬಂದಾಗ ಈ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ ಮರಳಿದ ಮೇಲೆ ಮತ್ತೆ ಕಾಯಿಲೆ ಬಿದ್ದದ್ದು ಅವರ ಅಭಿಪ್ರಾಯವನ್ನು ಗಟ್ಟಿಗೊಳಿಸಿತು. ಇಂದಿಗೂ ಇದಕ್ಕೆ ಮಾತ್ರೆಯಿಲ್ಲ. ಜೀವನಪರ್ಯಂತ ಗ್ಲುಟನ್ ಬಿಡುವುದೊಂದೇ ಚಿಕಿತ್ಸೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆಯೆಂಬ ಅಂದಾಜಿದೆ. ನಮ್ಮ ದೇಶದಲ್ಲಿ ಗೋಧಿಯೇ ಮುಖ್ಯ ಆಹಾರವಾಗಿರುವ ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ.

ಇಲ್ಲಿ ಎರಡು ಎಚ್ಚರಿಕೆಗಳು. ಒಂದು, ಅನುಮಾನ ಬಂದ ಕೂಡಲೇ ಗೋಧಿ ಬಿಡಬಾರದು. ರಕ್ತಪರೀಕ್ಷೆ ಮತ್ತು ಬಯಾಪ್ಸಿ ಆಗುವವರೆಗೆ ಗೋಧಿ ತಿನ್ನುತ್ತಿದ್ದರೆ ಮಾತ್ರ ಫಲಿತಾಂಶ ಸರಿಯಾಗಿ ಬರುತ್ತದೆ. ಎರಡು, ಗೋಧಿಯ ಅಲರ್ಜಿ ಬೇರೆ, ಸೀಲಿಯಾಕ್ ಬೇರೆ. ಅಲರ್ಜಿಯಲ್ಲಿ ತಿಂದ ಸ್ವಲ್ಪ ಹೊತ್ತಿಗೇ ಮೈ ದದ್ದು, ಉಸಿರಾಟದ ತೊಂದರೆ ಬಂದು ತುರ್ತು ಚಿಕಿತ್ಸೆ ಬೇಕಾಗಬಹುದು. ಪ್ರಯಾಣಕ್ಕೆ ಮುನ್ನ ತಮಗಿರುವುದು ಯಾವುದು ಎಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಸೀಲಿಯಾಕ್ ಇರುವವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮನೆಯ ಅಡುಗೆಯಲ್ಲೇ ಅಡಗಿರುವ ಗೋಧಿ

ಮೈಸೂರು ಸೀಮೆಯ ಊಟ ಈ ಕಾಯಿಲೆಗೆ ಬಹಳ ಅನುಕೂಲ. ಅನ್ನ, ರಾಗಿ ಮುದ್ದೆ, ಅಕ್ಕಿ ರೊಟ್ಟಿ, ಇಡ್ಲಿ, ಅವಲಕ್ಕಿ, ಒತ್ತು ಶಾವಿಗೆ, ಕಡುಬು, ಉತ್ತರ ಕರ್ನಾಟಕದ ಮನೆಗಳ ಜೋಳದ ರೊಟ್ಟಿ, ಇವುಗಳಲ್ಲಿ ಗ್ಲುಟನ್ ಇಲ್ಲ. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ, ಸಜ್ಜೆಗಳಲ್ಲೂ ಇಲ್ಲ. ಬೇಳೆಕಾಳು, ಹಾಲು, ತುಪ್ಪ, ಹಣ್ಣು, ತರಕಾರಿಗಳಲ್ಲೂ ಇಲ್ಲ. ಇರುವುದು ರವೆ, ಮೈದಾ, ಚಿರೋಟಿ ರವೆ, ಗೋಧಿ ಶಾವಿಗೆಗಳಲ್ಲಿ. ಪಾಯಸಕ್ಕೆ ಬಳಸುವ ಜವೆ ಗೋಧಿ ಅಥವಾ ಸದಕವೂ ಗೋಧಿಯ ಒಂದು ಜಾತಿ. ಅದು ನಾಟಿ ಧಾನ್ಯ, ತೊಂದರೆಯಿಲ್ಲ ಎಂಬ ಮಾತನ್ನು ನಂಬಬಾರದು.

ಜೈನ ಅಡುಗೆಮನೆಯ ದೊಡ್ಡ ಮರೆ ಇಂಗು. ಬೆಳ್ಳುಳ್ಳಿ ಹಾಕದ ಮನೆಗಳಲ್ಲಿ ಇಂಗಿಲ್ಲದೆ ಒಗ್ಗರಣೆಯೇ ಇಲ್ಲ. ಅಂಗಡಿಯ ಡಬ್ಬಿಯಲ್ಲಿ ಸಿಗುವುದು ಶುದ್ಧ ಇಂಗಲ್ಲ. ಅದನ್ನು ಗೋಂದು ಮತ್ತು ಹಿಟ್ಟಿನೊಂದಿಗೆ ಬೆರೆಸಿ ಪುಡಿ ಮಾಡಿರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು, ಕೆಲವದರಲ್ಲಿ ಅಕ್ಕಿಯದು. ಸಾರಿನ ಪುಡಿ, ಹುಳಿ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ ಎಲ್ಲದರೊಳಗೂ ಇದು ಸೇರಿರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಲೇಬಲ್ ಓದಿ ಕೊಳ್ಳಬೇಕು, ಇಲ್ಲವೇ ಗ್ರಂದಿಗೆ ಅಂಗಡಿಯಲ್ಲಿ ಗಟ್ಟಿ ಇಂಗನ್ನೇ ಕೇಳಿ ತರಬೇಕು. ಮನೆಯಲ್ಲೇ ಎಲ್ಲ ಸರಿಯಾಗಿ ಮಾಡಿಯೂ ಮಗುವಿನ ಭೇದಿ ನಿಲ್ಲುತ್ತಿಲ್ಲ ಎನ್ನುವವರು ಮೊದಲು ಇಂಗಿನ ಡಬ್ಬಿ ನೋಡುವುದು ಒಳ್ಳೆಯದು.

ಕೋಡುಬಳೆ, ನಿಪ್ಪಟ್ಟುಗಳಿಗೆ ಮೈದಾ ಅಥವಾ ರವೆ ಸೇರಿಸುವುದುಂಟು. ಹೋಟೆಲಿನ ದೋಸೆ ಹಿಟ್ಟಿಗೆ ಗರಿಗರಿಯಾಗಲೆಂದು ರವೆ ಹಾಕುವುದುಂಟು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ, ಕಾರ್ನ್‌ಫ್ಲೇಕ್ಸ್‌ನಲ್ಲಿ ಬಾರ್ಲಿ ಮಾಲ್ಟ್ ಇರುವುದು ಸಾಮಾನ್ಯ. ಮನೆಯ ರಾಗಿ ಮಾಲ್ಟ್‌ಗೆ ಆ ಭಯವಿಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ರಾಗಿ ಬೀಸಿದರೆ ಹಿಟ್ಟು ಬೆರೆಯುತ್ತದೆ. ಮನೆಯ ಮಿಕ್ಸಿಯಲ್ಲಿ ಅಥವಾ ಸಣ್ಣ ಗಿರಣಿಯಲ್ಲಿ ಬೇರೆಯಾಗಿ ಬೀಸಿಕೊಳ್ಳುವುದು ಕ್ಷೇಮ.

ಬೆರೆಯದಂತೆ ನೋಡಿಕೊಳ್ಳುವ ಈ ಶಿಸ್ತು ಜೈನ ಮನೆಗಳಿಗೆ ಹೊಸದಲ್ಲ. ಮುನಿಗಳ ಆಹಾರದಾನದ ದಿನ ಪಾತ್ರೆ ಬೇರೆ, ನೀರು ಸೋಸಿದ್ದು, ಕಾಳು ಆರಿಸಿದ್ದು, ಹಿಟ್ಟು ಆಗಲೇ ಬೀಸಿದ್ದು. ಸೀಲಿಯಾಕ್ ಇರುವವರ ತಟ್ಟೆಗೂ ಪ್ರತಿದಿನ ಅದೇ ಎಚ್ಚರ ಬೇಕು ಎಂದರೆ ಮನೆಯ ಹಿರಿಯರಿಗೆ ಬೇಗ ಅರ್ಥವಾಗುತ್ತದೆ.

ಮೈಸೂರು ಕೊಟ್ಟ ಅನುಕೂಲ

ಆಹಾರ ವಿಜ್ಞಾನಕ್ಕೆ ಮೈಸೂರು ದೇಶದಲ್ಲೇ ಹೆಸರಾದ ಊರು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಧಾನ್ಯ, ಹಿಟ್ಟು, ಬೇಕರಿ ಪದಾರ್ಥಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. 1961ರಲ್ಲಿ ಸ್ಥಾಪನೆಯಾದ, ಡಿಎಫ್‌ಆರ್‌ಎಲ್ ಎಂದು ಊರಿನವರು ಕರೆಯುತ್ತ ಬಂದಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಕೆಡದ ಊಟವನ್ನು ರೂಪಿಸಿತು. ಬೇಯಿಸಿದ ಅನ್ನ, ಪಲ್ಯಗಳನ್ನು ಪದರಪದರದ ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಿಟಾರ್ಟ್ ವಿಧಾನ ಅದು. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ. ಈ ತಂತ್ರಜ್ಞಾನ ಖಾಸಗಿ ಕಂಪನಿಗಳಿಗೂ ದೊರೆತದ್ದರಿಂದ ಇಂದು ಅಂಗಡಿಯಲ್ಲಿ ಸಿಗುವ ಸಿದ್ಧ ಊಟದ ಚೀಲಗಳು ಬಂದವು.

ಪ್ರಯಾಣಿಕರಿಗೆ ಇದರಿಂದ ದೊಡ್ಡ ಉಪಯೋಗ. ಹೋಟೆಲ್ ಕೋಣೆಯಲ್ಲಿ ಬಿಸಿನೀರಿನಲ್ಲಿ ಚೀಲವಿಟ್ಟು ಕಾಯಿಸಿದರೆ ಊಟ ಸಿದ್ಧ. ಆದರೆ ಕೊಳ್ಳುವಾಗ ಎರಡು ಸಲ ಓದಬೇಕು: ಒಮ್ಮೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಾಗಿ, ಇನ್ನೊಮ್ಮೆ ಗೋಧಿ ಮತ್ತು ಇಂಗಿಗಾಗಿ. ಜೈನ್ ಎಂದು ಬರೆದಿದ್ದರೂ ಗ್ಲುಟನ್ ಇಲ್ಲವೆಂದಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟನ್-ಫ್ರೀ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಕಡಿಮೆ ಗ್ಲುಟನ್ ಇರಬೇಕು.

ವಿಮಾನದ ಊಟ

ಮೈಸೂರಿನವರು ಅಂತಾರಾಷ್ಟ್ರೀಯ ವಿಮಾನಕ್ಕೆ ಸಾಮಾನ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೋಗುತ್ತಾರೆ. ಫ್ಲೈಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ನಾಲ್ಕೈದು ಗಂಟೆಯ ದಾರಿ, ನಂತರ ಮೂರು ಗಂಟೆ ಕಾಯುವುದು. ವಿಮಾನ ಏರುವ ಹೊತ್ತಿಗೇ ಒಂದು ಊಟದ ಹೊತ್ತು ಕಳೆದಿರುತ್ತದೆ. ಆ ಒಂದು ಊಟವನ್ನು ಮನೆಯಿಂದಲೇ ಕಟ್ಟಿಕೊಳ್ಳಬೇಕು.

ವಿಮಾನ ಕಂಪನಿಗಳು ವಿಶೇಷ ಊಟಕ್ಕೆ ಸಂಕೇತಾಕ್ಷರಗಳನ್ನು ಬಳಸುತ್ತವೆ. ಜೈನ ಊಟಕ್ಕೆ ವಿಜೆಎಂಎಲ್, ಗ್ಲುಟನ್ ಇಲ್ಲದ ಊಟಕ್ಕೆ ಜಿಎಫ್‌ಎಂಎಲ್. ತೊಡಕು ಏನೆಂದರೆ ಒಬ್ಬ ಪ್ರಯಾಣಿಕರಿಗೆ ಸಾಮಾನ್ಯವಾಗಿ ಒಂದೇ ಸಂಕೇತ ಆರಿಸಲು ಅವಕಾಶ. ಜಿಎಫ್‌ಎಂಎಲ್ ಆರಿಸಿದರೆ ಅದರಲ್ಲಿ ಮಾಂಸ ಅಥವಾ ಮೀನು ಬರಬಹುದು. ವಿಜೆಎಂಎಲ್ ಆರಿಸಿದರೆ ಕಂದಮೂಲ ಇರುವುದಿಲ್ಲ, ಆದರೆ ಚಪಾತಿಯೋ ಪರಾಟವೋ ಇರಬಹುದು, ಗೋಧಿ ಇಂಗೂ ಇರಬಹುದು. ಕೆಲವು ಕಂಪನಿಗಳಲ್ಲಿ ಹಣ್ಣಿನ ತಟ್ಟೆಗೆ ಎಫ್‌ಪಿಎಂಎಲ್ ಎಂಬ ಸಂಕೇತವಿದೆ. ಎರಡೂ ನಿಯಮಕ್ಕೆ ಹೊಂದುವುದು ಅದೊಂದೇ. ಹಣ್ಣಿನ ತಟ್ಟೆ ಕಾಯ್ದಿರಿಸಿ, ಹೊಟ್ಟೆ ತುಂಬಲು ಮನೆಯ ಡಬ್ಬಿ ಜೊತೆಗಿಟ್ಟುಕೊಳ್ಳುವುದು ನಂಬಬಹುದಾದ ದಾರಿ. ವಿಶೇಷ ಊಟವನ್ನು ಕನಿಷ್ಠ 24 ಗಂಟೆ ಮೊದಲು, ಕೆಲವು ಕಂಪನಿಗಳಲ್ಲಿ ಇನ್ನೂ ಮೊದಲು ಹೇಳಬೇಕು. ವಿಮಾನ ಬದಲಾದರೆ ಕೋರಿಕೆ ಬಿಟ್ಟುಹೋಗಬಹುದು, ಚೆಕ್-ಇನ್‌ನಲ್ಲಿ ಮತ್ತೊಮ್ಮೆ ಕೇಳಬೇಕು.

ಕಟ್ಟಿಕೊಳ್ಳಬಹುದಾದದ್ದು, ಬಿಟ್ಟುಹೋಗಬೇಕಾದದ್ದು

ಒಗ್ಗರಣೆ ಹಾಕಿದ ತೆಳು ಅವಲಕ್ಕಿ, ಪುರಿ ಉಂಡೆ, ಅಕ್ಕಿ ಹಿಟ್ಟಿನ ಚಕ್ಕುಲಿ, ಮನೆಯಲ್ಲಿ ಮಾಡಿದ ಜೋಳದ ಖಾಖರಾ, ಕಡಲೆಕಾಯಿ ಚಿಕ್ಕಿ, ಹುರಿಗಡಲೆ ಚಟ್ನಿಪುಡಿ, ಒಣಹಣ್ಣುಗಳು ಕೈಚೀಲಕ್ಕೆ ಸರಿ. ಬಿಸಿನೀರು ಸುರಿದರೆ ಆಗುವ ಹುರಿದ ರಾಗಿ ಹಿಟ್ಟು, ಅವಲಕ್ಕಿ ಮಿಶ್ರಣಗಳು ದೊಡ್ಡ ಪೆಟ್ಟಿಗೆಗೆ. ಮೊಸರು, ಗೊಜ್ಜು, ಉಪ್ಪಿನಕಾಯಿಗಳಿಗೆ ಕೈಚೀಲದಲ್ಲಿ 100 ಮಿಲಿಲೀಟರಿನ ಮಿತಿ ಅನ್ವಯಿಸುತ್ತದೆ.

ಆದರೆ ದೇಶದೇಶಕ್ಕೆ ನಿಷೇಧಗಳು ಬೇರೆ:

ಗಸಗಸೆ: ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಮುಂತಾದ ಕಡೆ ಗಸಗಸೆ ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಮಸಾಲೆ ಪುಡಿಯಲ್ಲಾಗಲಿ ಸಿಹಿಯಲ್ಲಾಗಲಿ ಒಂದು ಚಮಚವೂ ಇರಬಾರದು. ದುಬೈ ಮೂಲಕ ವಿಮಾನ ಬದಲಿಸುವವರಿಗೂ ಈ ಎಚ್ಚರ ಬೇಕು.

ಅಕ್ಕಿ, ಕಾಳು: ಖಾಪ್ರಾ ಎಂಬ ಧಾನ್ಯದ ಹುಳು ಬರುತ್ತದೆಂದು ಅಮೆರಿಕವು ಭಾರತದಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ತಡೆದಿದೆ. ಆಸ್ಟ್ರೇಲಿಯಾ ಅಕ್ಕಿಯೊಂದಿಗೆ ಹಲವು ಕಾಳು, ಬೀಜ, ಒಣಮೆಣಸಿನಕಾಯಿಗಳನ್ನೂ ತಡೆಯುತ್ತದೆ. ಏನೇ ಒಯ್ದರೂ ಇಳಿದ ಕೂಡಲೇ ಅರ್ಜಿಯಲ್ಲಿ ಬರೆದು ತೋರಿಸಬೇಕು. ತೋರಿಸಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಹಾಲಿನ ಪದಾರ್ಥ: ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ತುಪ್ಪ, ಪನೀರ್, ಹಾಲಿನ ಪುಡಿ ಒಯ್ಯುವಂತಿಲ್ಲ.

ಒಣಕೊಬ್ಬರಿ: ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತುವೆಂದು ವಿಮಾನಯಾನ ನಿಯಮಗಳು ಇಡೀ ಕೊಬ್ಬರಿ ಗಿಟುಕನ್ನು ಬಿಡುವುದಿಲ್ಲ.

ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡಿದ್ದರೆ ತಪಾಸಣೆಯಲ್ಲಿ ಊಟದ ಡಬ್ಬಿಗೆ ಕಾರಣ ಹೇಳುವುದು ಸುಲಭ.

ವಿದೇಶದ ಲೇಬಲ್ ಓದುವುದು

ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಮತ್ತು ಬ್ರಿಟನ್ನಿನಲ್ಲಿ ಗ್ಲುಟನ್ ಇರುವ ಧಾನ್ಯಗಳೂ ಸೇರಿ 14 ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಎದ್ದುಕಾಣುವಂತೆ ಬರೆಯಬೇಕು. 2014ರ ಡಿಸೆಂಬರಿನಿಂದ ಹೋಟೆಲುಗಳೂ ಕೇಳಿದವರಿಗೆ ಈ ವಿವರ ಕೊಡಬೇಕೆಂಬ ನಿಯಮವಿದೆ. ಆದ್ದರಿಂದ ಅಲ್ಲಿ ಕೇಳಲು ಸಂಕೋಚ ಬೇಡ, ಅದು ಗ್ರಾಹಕರ ಹಕ್ಕು. ಗೋಧಿ ತೆನೆಯ ಮೇಲೆ ಗೆರೆ ಎಳೆದ ಚಿಹ್ನೆ ಯುರೋಪಿನ ಸೀಲಿಯಾಕ್ ಸಂಘಗಳ ಮುದ್ರೆ.

ಅಮೆರಿಕದಲ್ಲಿ ಗೋಧಿಯನ್ನು ಕಡ್ಡಾಯವಾಗಿ ನಮೂದಿಸಬೇಕು, ಆದರೆ ಬಾರ್ಲಿ, ರೈ ಆ ಪಟ್ಟಿಯಲ್ಲಿಲ್ಲ. ಗೋಧಿ ಇಲ್ಲ ಎಂದಿದ್ದರೂ ಮಾಲ್ಟ್ ಇದೆಯೇ ನೋಡಬೇಕು. ಗ್ಲುಟನ್-ಫ್ರೀ ಎಂದೇ ಬರೆದಿದ್ದರೆ ಅಲ್ಲೂ 20 ಮಿಲಿಗ್ರಾಂ ಮಿತಿ ಇದೆ. ಜಪಾನಿನಲ್ಲೂ ಗೋಧಿ ಕಡ್ಡಾಯ, ಬಾರ್ಲಿ ಅಲ್ಲ. ಅಲ್ಲಿ ನೀರಿನ ಬದಲು ಕೊಡುವ ಮುಗಿಚಾ ಬಾರ್ಲಿಯ ಚಹಾ. ಓಟ್ಸ್ ಎಲ್ಲಿಯೇ ಕೊಂಡರೂ ಗ್ಲುಟನ್-ಫ್ರೀ ಮುದ್ರೆ ಇರುವುದನ್ನೇ ಆರಿಸಬೇಕು.

ಜೈನರು ಮರೆಯಬಾರದ ಮಾತು: ಗ್ಲುಟನ್ ಇಲ್ಲದ ಬ್ರೆಡ್, ಕೇಕ್‌ಗಳಿಗೆ ಹದ ಬರಲೆಂದು ಮೊಟ್ಟೆಯ ಬಿಳಿಭಾಗ ಮತ್ತು ಆಲೂಗಡ್ಡೆ ಪಿಷ್ಟ ಹಾಕುವುದು ಬಹಳ ಸಾಮಾನ್ಯ. ನಮ್ಮ ದೇಶದ ಹಸಿರು ಚುಕ್ಕೆ ಅಲ್ಲಿಲ್ಲ. ವೆಜಿಟೇರಿಯನ್ ಎಂದಿದ್ದರೆ ಮೊಟ್ಟೆ ಇರಬಹುದು. ವೀಗನ್ ಮತ್ತು ಗ್ಲುಟನ್-ಫ್ರೀ ಎರಡೂ ಬರೆದಿರುವುದನ್ನು ಹುಡುಕಿ, ನಂತರ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಾಗಿ ಪಟ್ಟಿ ಓದಿದರೆ ಕೆಲಸ ಅರ್ಧ ಮುಗಿದಂತೆ.

ಹೋಟೆಲುಗಳಲ್ಲಿ

ಇಟಲಿಯಲ್ಲಿ ಸೀಲಿಯಾಕ್ ಬಗ್ಗೆ ಅರಿವು ಹೆಚ್ಚು. ಅಲ್ಲಿನ ಸೀಲಿಯಾಕ್ ಸಂಘ ತರಬೇತಿ ಕೊಟ್ಟ ಹೋಟೆಲುಗಳ ಪಟ್ಟಿಯನ್ನೇ ಇಟ್ಟಿದೆ. ಸೆನ್ಜಾ ಗ್ಲುಟಿನೆ ಎಂದು ಕೇಳಬೇಕು. ಫ್ರಾನ್ಸಿನಲ್ಲಿ ಸಾನ್ ಗ್ಲುಟೆನ್, ಸ್ಪೇನಿನಲ್ಲಿ ಸಿನ್ ಗ್ಲುಟೆನ್, ಜರ್ಮನಿಯಲ್ಲಿ ಗ್ಲುಟೆನ್‌ಫ್ರೈ. ಇಟಲಿಯ ಅನ್ನದ ರಿಸೊಟ್ಟೊ ಗೋಧಿಯಿಲ್ಲದ್ದು ನಿಜ, ಆದರೆ ಅದನ್ನು ಈರುಳ್ಳಿ ಹಾಕಿ, ಕೆಲವೊಮ್ಮೆ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ.

ಥಾಯ್ಲೆಂಡಿನ ಜೇ ಊಟ, ಚೀನಾ, ತೈವಾನ್, ಸಿಂಗಪುರಗಳ ಬೌದ್ಧ ಸಸ್ಯಾಹಾರ, ಜಪಾನಿನ ದೇಗುಲಗಳ ಶೋಜಿನ್ ಊಟಗಳಲ್ಲಿ ಮಾಂಸವೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಜೈನರಿಗೆ ಹೇಳಿ ಮಾಡಿಸಿದಂತೆ ಕಾಣುವ ಈ ಊಟದಲ್ಲೇ ದೊಡ್ಡ ಅಪಾಯವಿದೆ. ಅಲ್ಲಿ ಮಾಂಸದ ಬದಲು ಬಳಸುವ ತುಂಡುಗಳು ಗೋಧಿಯಿಂದ ತೆಗೆದ ಶುದ್ಧ ಗ್ಲುಟನ್. ಸಾಮಾನ್ಯ ಸೋಯಾ ಸಾಸ್‌ನಲ್ಲೂ ಗೋಧಿ ಇದೆ. ಮೂಲಂಗಿ, ತಾವರೆ ಗೆಡ್ಡೆಗಳೂ ಬರುತ್ತವೆ. ಬಿಳಿ ಅನ್ನ, ಆವಿಯಲ್ಲಿ ಬೇಯಿಸಿದ ಸೊಪ್ಪು, ಸಾದಾ ತೋಫು ಎಂದು ಬಿಡಿಬಿಡಿಯಾಗಿ ಕೇಳುವುದು ಕ್ಷೇಮ.

ವಿದೇಶದ ಭಾರತೀಯ ಹೋಟೆಲುಗಳಲ್ಲಿ ಇಡ್ಲಿ, ದೋಸೆ ಸಿಕ್ಕಿತೆಂದು ನಿರಾಳವಾಗಬಾರದು. ರವೆ ದೋಸೆ ಹುಯ್ದ ಕಾವಲಿಯಲ್ಲೇ ಸಾದಾ ದೋಸೆ ಹುಯ್ಯುತ್ತಾರೆ, ಸಮೋಸ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುತ್ತಾರೆ. ಸಾಂಬಾರಿನಲ್ಲಿ ಈರುಳ್ಳಿಯೂ ಇಂಗೂ ಇರುತ್ತವೆ.

ಕೈಯಲ್ಲೊಂದು ಚೀಟಿ

ಹೋಗುವ ದೇಶದ ಭಾಷೆ ಬಲ್ಲವರಿಂದ ಈ ಸಾಲುಗಳನ್ನು ಬರೆಸಿಕೊಂಡು ಅಡುಗೆಯವರಿಗೆ ತೋರಿಸಬಹುದು:

“ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ, ಸೋಯಾ ಸಾಸ್ ಇರುವ ಯಾವುದನ್ನೂ ಸ್ವಲ್ಪವೂ ತಿನ್ನುವಂತಿಲ್ಲ. ಬ್ರೆಡ್, ಪಾಸ್ತಾ ಮುಟ್ಟಿದ ಪಾತ್ರೆ, ಚಾಕು, ಎಣ್ಣೆ ಬಳಸಬೇಡಿ. ನಾನು ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ ತಿನ್ನುವುದಿಲ್ಲ. ಅನ್ನ, ಬೇಳೆ, ಟೊಮೆಟೊ, ಕೋಸು, ಬೀನ್ಸ್, ಹಾಲು, ಹಣ್ಣು ತಿನ್ನುತ್ತೇನೆ.”

ಕೊನೆಯ ಸಾಲು ಬಹಳ ಮುಖ್ಯ. ಬೇಡ ಎನ್ನುವುದರ ಉದ್ದ ಪಟ್ಟಿ ಕಂಡು ಕೈಚೆಲ್ಲುವ ಅಡುಗೆಯವರಿಗೆ ಏನು ಮಾಡಬಹುದೆಂದು ಅದರಿಂದ ತಿಳಿಯುತ್ತದೆ.

ಬಸದಿ, ಜೈನ ಕೇಂದ್ರಗಳ ನೆರವು

ಇಂಗ್ಲೆಂಡಿನ ಲೆಸ್ಟರ್, ಬೆಲ್ಜಿಯಮ್ಮಿನ ಆಂಟ್ವರ್ಪ್, ಜಪಾನಿನ ಕೋಬೆ, ಅಮೆರಿಕದ ನ್ಯೂಜೆರ್ಸಿಯ ಸಿದ್ಧಾಚಲಂ, ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್ ಮುಂತಾದ ಕಡೆ ಜೈನ ಮಂದಿರಗಳಿವೆ. ಹೋಗುವ ಮೊದಲೇ ಸಂಪರ್ಕಿಸಿದರೆ ಸಮೀಪದ ಅಂಗಡಿ, ಊಟದ ಏರ್ಪಾಡುಗಳ ಬಗ್ಗೆ ತಿಳಿಯಬಹುದು. ಆದರೆ ಮಂದಿರದ ಊಟದಲ್ಲೂ ರೊಟ್ಟಿ, ಪೂರಿ ಗೋಧಿಯವೇ. ಪ್ರಸಾದವೆಂದು ಕೊಟ್ಟದ್ದನ್ನು ಬೇಡವೆನ್ನಲು ಹಿರಿಯರಿಗೆ ಮನಸ್ಸು ಬರುವುದಿಲ್ಲ. ಕೈಮುಗಿದು ಸ್ವೀಕರಿಸಿ ಜೊತೆಯವರಿಗೆ ಕೊಟ್ಟರೆ ಅಗೌರವವಾಗುವುದಿಲ್ಲ.

ನಿಯಮ ಮತ್ತು ಆರೋಗ್ಯ

ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವವರಿಗೆ ಹೊತ್ತಿನ ಲೆಕ್ಕವೂ ಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಕಳೆದ ಮೇಲೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲು. ಚಳಿಗಾಲದ ಪ್ರವಾಸದಲ್ಲಿ ಮಧ್ಯಾಹ್ನದ ಊಟವೇ ದಿನದ ಕೊನೆಯ ಊಟವಾಗಬಹುದು, ಅದು ತಪ್ಪಿದರೆ ಮರುದಿನದವರೆಗೆ ಕಾಯಬೇಕು.

ಯಾವ ನಿಯಮವನ್ನು ಪ್ರವಾಸದಲ್ಲಿ ಎಷ್ಟು ಪಾಲಿಸಬೇಕು ಎಂಬುದು ಅವರವರ ವ್ರತಕ್ಕೆ ಬಿಟ್ಟದ್ದು. ಸಂಶಯವಿದ್ದರೆ ಹೊರಡುವ ಮುನ್ನವೇ ಮುನಿಗಳಲ್ಲೋ ಮನೆಯ ಹಿರಿಯರಲ್ಲೋ ಕೇಳಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಗ್ಲುಟನ್ ವಿಷಯದಲ್ಲಿ ಮಾತ್ರ ಒಂದು ದಿನದ ರಿಯಾಯಿತಿಯೂ ಇಲ್ಲ. ತಿಳಿಯದೆ ತಿಂದುಬಿಟ್ಟರೆ ಅದಕ್ಕೆ ಪ್ರತಿಮದ್ದಿಲ್ಲ. ನೀರು, ಮಜ್ಜಿಗೆ, ಮೆತ್ತನೆಯ ಅನ್ನ ತೆಗೆದುಕೊಂಡು ವಿಶ್ರಾಂತಿ ಪಡೆಯಬೇಕು, ವಾಂತಿ-ಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಏರ್ಪಾಡಿಲ್ಲದೆ ಹಸಿದಿರುವುದು ಉಪವಾಸವಲ್ಲ. ಉಪವಾಸಕ್ಕೆ ಸಂಕಲ್ಪವಿದೆ, ಪಾರಣೆಯಿದೆ. ವಿಮಾನ ನಿಲ್ದಾಣದ ಮೂಲೆಯಲ್ಲಿ ಏನೂ ಸಿಗದೆ ಕುಳಿತ ಮಗುವಿಗೆ ಇವೆರಡೂ ಇಲ್ಲ. ಆ ಮಗುವಿನ ಕೈಚೀಲದಲ್ಲಿ ಎರಡು ಹೊತ್ತಿಗಾಗುವಷ್ಟು ಅವಲಕ್ಕಿ, ಒಂದು ಚೀಟಿ, ಕೇಳಿ ತಿನ್ನುವ ಧೈರ್ಯ ಇಷ್ಟನ್ನು ಇಟ್ಟು ಕಳಿಸುವುದು ಮನೆಯವರ ಕೆಲಸ.